ಮಾದಪ್ಪನ ಬೆಟ್ಟಕ್ಕೆ ಹೋದ ಕೊಬ್ಬರಿ

ಹಾಲ್ಕುರಿಕೆ, ತಿಪಟೂರು ತಾಲ್ಲೂಕು
ಸೋಮವಾರ, 1-9-2025

ಪ್ರೀತಿಯ ಜೀವಿತಾ,

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಕಾಯಿ ಚೀಲದ ಮೇಲಿನ ಹೆಸರುಗಳು, ಅಷ್ಟೇ. ಒತ್ತಕ್ಷರ ಬಿಟ್ಟಿದ್ದ ಕಡೆ ನೀನೇ ಹಾಕಿಕೊಂಡು ಓದು. ಕಾಗದವನ್ನು ಗಾನವಿ ಕೈಗೆ ಮಾತ್ರ ಕೊಡಬೇಡ. ನಾನು ಕಳಿಸಿದ ವಾಯ್ಸ್ ಮೆಸೇಜನ್ನು ನಿನ್ನ ತಂಗಿ ಜೋರಾಗಿ ಹಾಕಿ ಮನೆಯವರಿಗೆಲ್ಲ ಕೇಳಿಸಿದಳಂತೆ. ಅದರಲ್ಲಿ "ಊಟ ಆಯ್ತಾ" ಅನ್ನುವುದೊಂದು ಬಿಟ್ಟರೆ ಉಳಿದದ್ದೆಲ್ಲ ನನ್ನ ಕೆಮ್ಮು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೋಗಿ ಹದಿನೇಳು ದಿನವಾಯಿತು. ಯಾರಾದರೂ ಕೇಳಿದರೆ ಅವ್ವ "ತವರಿಗೆ ಹೋಗವ್ಳೆ, ಬತ್ತಾಳೆ" ಅನ್ನುತ್ತಾಳೆ. ಹೇಳಿ ನನ್ನ ಮುಖ ನೋಡುತ್ತಾಳೆ. ನಾನು ಎದ್ದು ದನಕ್ಕೆ ಹುಲ್ಲು ಹಾಕಲು ಹೋಗುತ್ತೇನೆ. ಈಗ ನಮ್ಮ ದನಗಳು ಬಹಳ ದಪ್ಪಗಾಗಿವೆ.

ಇಬ್ಬರೇ ಹೋಗಿ ಜಲಪಾತ ನೋಡೋಣ ಅಂತ ಮಾತು ಕೊಟ್ಟವನು ನಾನೇ. ನಮ್ಮ ಕಡೆ ಬೀಳುವ ನೀರು ಅಂದರೆ ತೋಟದ ಪೈಪಿನದು, ನಿನ್ನ ಆಸೆ ನನಗೆ ಅರ್ಥವಾಗಿತ್ತು. ಆದರೆ ವ್ಯಾನು ಹತ್ತುವ ಹೊತ್ತಿಗೆ ನಾವು ಹನ್ನೊಂದು ಜನ. ಚಾಮರಾಜನಗರದ ಕಡೆ ಅಂದ ಕೂಡಲೇ ದ್ರಾಕ್ಷಾಯಣತ್ತೆ ಮಾದಪ್ಪನ ಬೆಟ್ಟಕ್ಕೆ ಅಂತ ಸೀರೆ ಮಡಚಿಟ್ಟುಕೊಂಡಿದ್ದಳು. ಅಪ್ಪನ ಅಕ್ಕ, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಭರಚುಕ್ಕಿಯ ಮುಂದೆ ನಿಂತು ನೀನು "ಹೆಂಗೈತ್ರೀ?" ಅಂತ ಕೇಳಿದೆ. "ಇದ್ರಾಗೆ ಕಾಲು ಭಾಗ ನಮ್ ತೋಟಕ್ಕೆ ತಿರುಗಿದ್ರೆ ಸಾಕಿತ್ತು" ಅಂದೆ ನಾನು. "ಗಂಡ ಅಂತ ತೆಂಗಿನ ಮರನ ಕಟ್ಕೊಂಡೆ ನಾನು" ಅಂತ ನೀನು ನಕ್ಕೆ. ನಿನ್ನ ರೆಪ್ಪೆಯ ಮೇಲೆ ನೀರ ಹನಿಗಳು ಕೂತಿದ್ದವು. ಅದನ್ನು ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಅತ್ತೆ ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು.

ಇನ್ನು ಕಾಯಿಯ ವಿಷಯ. ಇದನ್ನು ಬರೆಯಲೇ ಮೂರು ಹಾಳೆ ಹರಿದಿದ್ದೇನೆ.

ಬೇರೆ ಊರಿನಲ್ಲಿ ಕಾಯಿ ಕೊಂಡರೆ ನಮ್ಮವರಿಗೆ ಅವಮಾನ, ಅದಕ್ಕೆ ಮನೆಯಿಂದಲೇ ಐದು ಕಾಯಿ ಸುಲಿದು ಇಟ್ಟುಕೊಂಡೆ. ಹಿಂದಿನ ದಿನ ಅಟ್ಟದ ಕಾಯಿ ಇಳಿಸಿದ್ದರಲ್ಲ, ಅದರಲ್ಲೊಂದು ಉರುಳಿಬಂದು ಹೊಸ ಕಾಯಿಗಳ ಜೊತೆ ಸೇರಿತ್ತು. ವರ್ಷವಿಡೀ ಅಟ್ಟದಲ್ಲಿ ಮಲಗಿ, ನೀರೆಲ್ಲ ಇಂಗಿ, ಒಳಗೇ ಉಂಡೆ ಕೊಬ್ಬರಿಯಾದ ಕಾಯಿ. ಅಲ್ಲಾಡಿಸಿ ಕಿವಿಗಿಟ್ಟರೆ ನೀರುಗಾಯಿ ಯಾವುದು, ಕೊಬ್ಬರಿ ಯಾವುದು ಅಂತ ಹೇಳುವವನು ನಾನು. ಸುತ್ತಲಿನ ಊರಿನವರು ಅಟ್ಟ ಇಳಿಸುವಾಗ ನನ್ನ ಕಿವಿಯನ್ನೇ ಕರೆಸುತ್ತಾರೆ. ನನಗೆ ಇರುವ ಹೆಸರು ಅದೊಂದೇ.

ಬೆಟ್ಟದ ಮೇಲೆ ದೇವಸ್ಥಾನದ ಸಾಲಿನಲ್ಲಿ ತಟ್ಟೆ ಹಿಡಿದು ನೀನು ಮೆಲ್ಲಗೆ "ರೀ, ಈ ಕಾಯಿ ಹಗುರಾಗೈತಲ್ರೀ" ಅಂದೆ. ಹುಳಿಯಾರಿನ ಹುಡುಗಿ, ನಿನಗೆ ಗೊತ್ತಾಗದೆ ಇರುತ್ತದೆಯೇ. ನಾನು "ಕಿವಿಗಿಟ್ಟು ಆರ್ಸಿದೋನು ನಾನು. ಸುಮ್ನೆ ಹಿಡ್ಕೊ" ಅಂದೆ.

ಪೂಜಾರಿ ಒಡೆದರು. ಒಂದು ಹನಿ ನೀರಿಲ್ಲ. ದುಂಡಗಿನ ಕೊಬ್ಬರಿ ನೆಗೆದು, ಜನರ ಕಾಲಿನ ನಡುವೆ ಉರುಳಿ, ಮೆಟ್ಟಿಲು ಇಳಿದು ಹೋಯಿತು. ಕೋತಿಯೊಂದು ಅದನ್ನು ಎತ್ತಿಕೊಂಡು ಗೋಡೆ ಹತ್ತಿ, ನಮ್ಮನ್ನೇ ನೋಡುತ್ತಾ ತಿನ್ನತೊಡಗಿತು. ಹಿಂದಿನಿಂದ ಯಾರೋ "ತಿಪಟೂರೋರು ಕಣ್ರೀ, ದೇವ್ರಿಗೂ ಕೊಬ್ರಿನೇ ತಂದವ್ರೆ" ಅಂದರು. ಸಾಲಿಗೆ ಸಾಲೇ ನಕ್ಕಿತು. ನೀನೂ ನಕ್ಕೆ.

ಅತ್ತೆ ನಗಲಿಲ್ಲ. "ನಗ್ತಾಳೆ ನೋಡು. ಕಾಲಿಟ್ಟು ಮೂರು ತಿಂಗ್ಳು, ಇವ್ಳ ಕೈಯಾಗೆ ಕಾಯಿ ನೀರೇ ಬತ್ತೋಯ್ತು. ಮನೇಲಿ ಇನ್ನೇನೇನು ಬತ್ತೋಯ್ತೈತೋ" ಅಂದಳು. ನೀನು ನನ್ನ ಕಡೆ ತಿರುಗಿದೆ. ಕಾಯಿ ಆರಿಸಿದ್ದು ನಾನು ಅಂತ ಒಂದು ಮಾತು ಸಾಕಿತ್ತು. ನಾನು ಕೋತಿಯನ್ನು ನೋಡುತ್ತಾ ನಿಂತೆ.

ಮರುದಿನ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಆನೆ ಕಂಡಿತಂತೆ, ಮರಿಯೂ ಇತ್ತಂತೆ. ನೀನು ಆಚೆ ಕಿಟಕಿಯ ಕಡೆ ಮುಖ ಮಾಡಿದ್ದೆ. ನಾನು ನಿನ್ನ ಜಡೆ ನೋಡುತ್ತಿದ್ದೆ. ಅಷ್ಟು ದೂರ ಹೋಗಿ ಆನೆ ನೋಡದೆ ಬಂದವರು ನಾವಿಬ್ಬರೇ. ತಿಪಟೂರಿನಲ್ಲಿ ಇಳಿದು ನೀನು ಹುಳಿಯಾರು ಬಸ್ಸು ಹತ್ತಿದೆ. ಬ್ಯಾಗನ್ನು ಮೇಲೆ ಎತ್ತಿಕೊಟ್ಟವನೂ ನಾನೇ.

ನಿನ್ನೆ ಏಕಾಂತಯ್ಯನವರ ಅಟ್ಟ ಇಳಿಸುತ್ತಿದ್ದರು. ಹತ್ತು ಜನ ಇದ್ದರು, ಅತ್ತೆಯೂ ಬಂದಿದ್ದಳು. ಅಟ್ಟದ ಮೇಲಿನಿಂದಲೇ ಹೇಳಿಬಿಟ್ಟೆ. ಕೆಳಗಿದ್ದರೆ ಓಡಿಹೋಗುತ್ತಿದ್ದೆ. ಬೆಟ್ಟದ ಕಾಯಿ ಆರಿಸಿದ್ದು ನಾನು, ಹಗುರ ಅಂತ ಜೀವಿತಾ ಹೇಳಿದಳು, ಅವಳ ಬಾಯಿ ಮುಚ್ಚಿಸಿದ್ದೂ ನಾನು ಅಂದೆ. ಏಕಾಂತಯ್ಯನವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, "ಅಂಗಾದ್ರೆ ಇನ್ಮೇಲೆ ನಿನ್ ಹೆಂಡ್ತಿನೇ ಕರ್ಸಾನ ಬುಡು" ಅಂದರು. ಎಲ್ಲರೂ ನಕ್ಕರು. ಅತ್ತೆ ಮಾತ್ರ, "ಇದ್ನ ಅವತ್ತೇ ಬೊಗಳಕ್ಕೆ ಏನಾಗಿತ್ಲಾ ನಿಂಗೆ? ಪಾಪದ್ ಹುಡ್ಗೀನ ಸುಮ್ಸುಮ್ನೆ ಅಂದಂಗಾಯ್ತು" ಅಂದಳು.

ನಿನ್ನ ಪ್ರಶ್ನೆಯೂ ಅದೇ ಇರಬೇಕು. ಹೆದರಿದೆ ಜೀವಿತಾ. ಅತ್ತೆಗಲ್ಲ, ನನ್ನ ಕಿವಿಯ ಹೆಸರು ಹೋಗುತ್ತದೆ ಅಂತ. ಈಗ ಅದು ಹೋಯಿತು. ಹುಡುಗರು ನನ್ನ ಕಿವಿಯ ಹತ್ತಿರ ಕಾಯಿ ಹಿಡಿದು "ಕೇಳ್ತೈತೇನಣ್ಣ" ಅನ್ನುತ್ತಾರೆ. ಅನ್ನಲಿ.

ಗುರುವಾರ ಹುಳಿಯಾರಿಗೆ ಬರುತ್ತೇನೆ. ಬೈಯುವುದಿದ್ದರೆ ಕೂರಿಸಿ ಬೈಯಿ, ಗಾನವಿಯೂ ಇರಲಿ. ಆಮೇಲೆ ಮನಸ್ಸಾದರೆ ಜೊತೆಯಲ್ಲಿ ಬಾ. ಆನೆ ನೋಡುವುದು ಬಾಕಿ ಇದೆ. ಈ ಸಲ ಬಸ್ಸಿನಲ್ಲಿ, ಇಬ್ಬರೇ.

ಇಂತಿ ನಿನ್ನ,
ಮಹಾಂತೇಶ

ಮರೆತಿದ್ದೆ: ಆವತ್ತು ಆ ಕಾಯಿಯನ್ನು ನಾನು ಕಿವಿಗೆ ಹಿಡಿದದ್ದು ನಿಜ. ಎರಡು ಸಲ ಅಲ್ಲಾಡಿಸಿದೆ. ಒಳಕೋಣೆಯಲ್ಲಿ ನೀನು ತಲೆ ಬಾಚಿಕೊಳ್ಳುತ್ತಾ ಏನೋ ಗುನುಗುತ್ತಿದ್ದೆ. ಎರಡು ಸಲವೂ ನನಗೆ ಕೇಳಿಸಿದ್ದು ನೀನೇ. ಇದನ್ನು ಅಟ್ಟದ ಮೇಲಿನಿಂದ ಹೇಳಲಾಗಲಿಲ್ಲ. ಈ ಕಾಗದದ ಜೊತೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಕಾಯಿ ಕಳಿಸಿದ್ದೇನೆ. ಇವತ್ತು ಬೆಳಿಗ್ಗೆ ಜುಟ್ಟು ಬಿಟ್ಟು ಸುಲಿದು, ಕಿವಿಗಿಟ್ಟು ನೋಡಿದೆ. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ನೀರು ಚೆನ್ನಾಗಿ ಕೇಳಿಸಿತು.