ಗಾಜಿನಾಚೆಯ ಮಾತು

ಅಪ್ಪನ ಕೋಣೆಯಿಂದ,
ಹನ್ನೊಂದನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯಪ್ಪಾ? ಎಣ್ಣೆ ಸಿಡಿದು ಸುಟ್ಟುಕೊಂಡಿದ್ದ ಕೈ ವಾಸಿಯಾಯಿತೇ? ಹಡಗಿನವರಿಗೆಲ್ಲ ಬೇಯಿಸಿ ಬಡಿಸಿ, ಕೊನೆಗೆ ನೀನು ಒಲೆಯ ಮುಂದೆ ನಿಂತುಕೊಂಡೇ ಎರಡು ತುತ್ತು ನುಂಗುತ್ತೀಯೆಂದು ನನಗೆ ಗೊತ್ತು. ಕೂತು ಊಟ ಮಾಡು, ಅಕ್ಕನ ಮಾತು ಇದೊಂದಾದರೂ ಕೇಳು. ಫೋನ್ ಬಿಟ್ಟು ಪತ್ರವೇಕೆ ಎನ್ನುತ್ತೀಯೇನೋ. ನಡುಗಡಲಿನಲ್ಲಿ ನಿನ್ನ ಫೋನ್ ಹತ್ತುವುದಿಲ್ಲ. ಹತ್ತಿದರೂ ನಾನು ಬಾಯಿ ತೆರೆದರೆ ಸಾಕು, ಅಪ್ಪನ ಕಣ್ಣು ನನ್ನ ತುಟಿಯ ಮೇಲೆ. ಜೀವಮಾನವೆಲ್ಲ ಗಿರಣಿಯ ಮಗ್ಗಗಳ ಸದ್ದಿನಲ್ಲಿ ದುಡಿದವರಲ್ಲವೇ? ಅಲ್ಲಿ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಲೇ ಇರಲಿಲ್ಲ, ಜಗಳವನ್ನೂ ತುಟಿ ನೋಡಿಯೇ ಆಡುತ್ತಿದ್ದರಂತೆ. ಅಮ್ಮ ಇದ್ದಾಗ ಇಬ್ಬರೂ ಮೇಜಿನ ಆಚೀಚೆ ಕೂತು ಸದ್ದಿಲ್ಲದೆ ಮಾತಾಡಿ ನಗುತ್ತಿದ್ದುದು ನೆನಪಿದೆಯಾ? ನಾನು ಆ ವಿದ್ಯೆಯನ್ನು ಕದ್ದು ಕಲಿತೆ. ನಿನ್ನ ಕಣ್ಣು ಸದಾ ತಟ್ಟೆಯ ಮೇಲೆ, ನೀನು ಕಲಿಯಲಿಲ್ಲ.

ಆ ವಿದ್ಯೆ ಈಗ ಅನ್ನಕ್ಕಿಂತ ಹೆಚ್ಚಾಗಿದೆ. ಅಪ್ಪನ ಗಂಟಲು ಪೂರ್ತಿ ಕಟ್ಟಿಹೋಗಿದೆ, ಧ್ವನಿ ಹೊರಡುವುದಿಲ್ಲ. ತುಟಿ ಮಾತ್ರ ಆಡುತ್ತದೆ, ಅದನ್ನು ಓದಬಲ್ಲವಳು ಈ ಮನೆಯಲ್ಲಿ ನಾನೊಬ್ಬಳೇ. ಡಾಕ್ಟರು ಚಿಕಿತ್ಸೆ ನಿಲ್ಲಿಸಿದ್ದಾರೆ. ಇನ್ನು ಮಾಡುವುದೇನಿದ್ದರೂ ನೋವಿಲ್ಲದ ಹಾಗೆ ನೋಡಿಕೊಳ್ಳುವುದು, ಅದಕ್ಕೆ ಕೊನೆಗಾಲದ ಆರೈಕೆಯವರನ್ನು ಬೇಗ ಗೊತ್ತುಮಾಡಿಕೊಳ್ಳಿ ಎಂದರು. ವಿಷಯವನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಗುಂಡಾ. ಎದೆ ಒಡೆದುಹೋಗುತ್ತಿದೆ.

ಮೊದಲು ನೋಡಿದ್ದು ನಿನ್ನ ಭಾವನಿಗೆ ಹಿಡಿಸಿದ ಜಾಗ. ಹೊಸ ಕಟ್ಟಡ, ಕನ್ನಡಿಯಂಥ ನೆಲ, ಪ್ರತಿ ಮಂಚದ ಪಕ್ಕದಲ್ಲೂ ಕರೆಗಂಟೆ. ಅಲ್ಲಿಯ ಮ್ಯಾನೇಜರ್ ಮಡಿಕೆ ಮುರಿಯದ ಅಂಗಿ ತೊಟ್ಟು ಬೆಣ್ಣೆಯಂತೆ ಮಾತಾಡುತ್ತಾನೆ. ನಾನು ಅವನಿಗೆ ಇಸ್ತ್ರಿಯಣ್ಣ ಎಂದು ಹೆಸರಿಟ್ಟಿದ್ದೇನೆ. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಹಗಲು ಹೊತ್ತಿನಲ್ಲಿ, ಅಷ್ಟು ಕೋಣೆಗಳಲ್ಲಿ, ಒಬ್ಬರೂ ಎಚ್ಚರವಾಗಿರಲಿಲ್ಲ. ಒಬ್ಬರೂ ಕೆಮ್ಮಲಿಲ್ಲ, ನೀರು ಕೇಳಲಿಲ್ಲ. ಒಂದು ಮಂಚದ ಪಕ್ಕ ಯಾರದೋ ಮಗಳು ತಾಯಿಯ ಕೈ ಹಿಡಿದು ಕರೆಯುತ್ತಿದ್ದಳು, ಆ ತಾಯಿಯ ರೆಪ್ಪೆ ಕೂಡ ಅಲುಗಲಿಲ್ಲ. "ನಮ್ಮಲ್ಲಿ ಗಲಾಟೆನೇ ಇರಲ್ಲ" ಎಂದ ಇಸ್ತ್ರಿಯಣ್ಣ. ನಿನ್ನ ಭಾವ ತಲೆಯಾಡಿಸಿದರು. ನನಗೆ ಅಲ್ಲಿಂದ ಯಾವಾಗ ಹೊರಬೀಳುತ್ತೇನೋ ಎನ್ನಿಸಿತ್ತು.

ಮಾರನೆಯ ದಿನ ಅವನೇ ಅಪ್ಪನನ್ನು ನೋಡಲು ಮನೆಗೆ ಬಂದ. ಅಪ್ಪನ ಕೈ ಹಿಡಿದು ಯಜಮಾನರೇ, ಯಜಮಾನರೇ ಎಂದು ಉಪಚಾರ ಹೇಳಿ ಹೊರಟ. ಹೋಗುವಾಗ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಮಾತಾಡಿದ. ಅಪ್ಪನ ಮಂಚ ಕಿಟಕಿಯ ಪಕ್ಕ, ಕಿಟಕಿಯ ಗಾಜಿನಾಚೆ ಗೇಟು. ಧ್ವನಿ ಒಳಗೆ ಕೇಳುವುದಿಲ್ಲವೆಂಬ ಧೈರ್ಯ ಅವನಿಗೆ. ನಾನು ಲೋಟ ತೊಳೆದು ಬರುವಷ್ಟರಲ್ಲಿ ಅಪ್ಪನ ಮುಖ ಬಿಳಿಚಿಕೊಂಡಿತ್ತು. ಅವನು ಹೇಳಿದ್ದನ್ನು ಅಪ್ಪ ತುಟಿಯಲ್ಲೇ ನನಗೆ ಒಪ್ಪಿಸಿದರು: "ಮನೆಯವರು ಸುಸ್ತಾಗಿದ್ದಾರೆ, ಒಪ್ತಾರೆ. ಬಂದ ದಿನವೇ ಮಲಗಿಸಿಬಿಡೋಣ, ಉಳಿದವರ ಹಾಗೇ." ನಿನ್ನ ಭಾವನಿಗೆ ಹೇಳಿದೆ. ಔಷಧದ ಅಮಲಿನಲ್ಲಿ ಏನೇನೋ ಕಾಣುತ್ತದೆ ಎಂದರು. ನಾನು ಬಿಡದಿದ್ದಾಗ, "ಅದು ಅವರ ಮಾತಲ್ಲ, ನಿನ್ನ ಹೆದರಿಕೆ" ಎಂದರು. ಅವರ ಮೇಲೆ ನನಗೆ ಕೆಂಡದಂಥ ಕೋಪ ಬಂತು. ಆದರೂ ಹೇಳಬೇಕು, ಇಷ್ಟು ದಿನ ಅಪ್ಪನನ್ನು ಎತ್ತಿ ಕೂರಿಸಿ, ಮೈ ಒರೆಸಿ, ಅವರೂ ಹೈರಾಣಾಗಿದ್ದಾರೆ. ಕೆಟ್ಟವರಲ್ಲ.

ಎರಡನೆಯವಳು ಮನೆಗೇ ಬಂದು ನೋಡಿಕೊಳ್ಳುವ ನರ್ಸಮ್ಮ. ಬೀದಿಗೆಲ್ಲ ಕೇಳುವಂಥ ಗಂಟಲು, ಕಾಲೊರೆಸದೆ ಒಳಗೆ ನುಗ್ಗಿದಳು, ಸೀದಾ ಕುರ್ಚಿ ಎಳೆದುಕೊಂಡು ಅಪ್ಪನನ್ನೇ ಕೇಳಿದಳು: "ನೋವಿಗೆ ಔಷಧ ಕೊಡ್ತೀನಿ ತಾತ. ಜಾಸ್ತಿ ಕೊಟ್ರೆ ನಿದ್ದೆ, ಕಮ್ಮಿ ಕೊಟ್ರೆ ಎಚ್ಚರ, ಸ್ವಲ್ಪ ನೋವೂ ಇರತ್ತೆ. ನಿಮಗೆ ಯಾವುದು ಬೇಕು?" ಇಷ್ಟು ದಿನದಲ್ಲಿ ಅವರನ್ನು ಯಾರೂ ಏನೂ ಕೇಳಿರಲಿಲ್ಲ ಕಣೋ, ನಾನೂ ಕೇಳಿರಲಿಲ್ಲ. ಅಪ್ಪ ತುಟಿಯಾಡಿಸಿದರು, ನಾನು ಜೋರಾಗಿ ಹೇಳಿದೆ: "ಮಗ ಬರೋತನಕ ಎಚ್ಚರ." ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು. ಅವಳು ಬರುವುದು ದಿನಕ್ಕೆರಡು ಹೊತ್ತು, ಉಳಿದದ್ದೆಲ್ಲ ನಮ್ಮ ಕೆಲಸವೇ. ಆದರೂ ಅವಳನ್ನೇ ಗೊತ್ತುಮಾಡಿ, ಇಸ್ತ್ರಿಯಣ್ಣನಿಗೆ ಬೇಡವೆಂದು ನಾನೇ ಫೋನ್ ಮಾಡಿದೆ. ನಿನ್ನ ಭಾವ ನಿನ್ನೆಯಿಂದ ನನ್ನ ಮುಖ ನೋಡಿ ಮಾತಾಡುತ್ತಿಲ್ಲ.

ಮುಂದಿನ ಬಂದರಿನಲ್ಲಿ ಪತ್ರ ಕೈಸೇರಿದ ಕೂಡಲೇ ರಜೆ ಕೇಳು. ಬಂದಾಗ ಮೊದಲು ಗೇಟಿನಲ್ಲೇ ನಿಂತು ಅಪ್ಪಾ ಎಂದುಬಿಡು, ಅವರು ಮಂಚದಿಂದಲೇ ಓದಿಕೊಳ್ಳುತ್ತಾರೆ. ಮೈ ಕೈ ಜೋಪಾನ. ಅಪ್ಪ ನಿನ್ನ ತಲೆ ಸವರಿದಂತೆ ಗಾಳಿಯಲ್ಲಿ ಕೈಯಾಡಿಸಿದ್ದಾರೆ, ಅದನ್ನೂ ಇದರಲ್ಲಿಟ್ಟು ಕಳಿಸಿದ್ದೇನೆಂದುಕೋ.

ನಿನ್ನ,
ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗೇಟಿನ ಮುಂದೆ ಬಿಳಿ ವ್ಯಾನ್ ನಿಂತಿದೆ. ಇಸ್ತ್ರಿಯಣ್ಣ ಇಳಿದ, ಹಿಂದೆ ಸ್ಟ್ರೆಚರ್ ಹಿಡಿದ ಇಬ್ಬರು. ನಿನ್ನ ಭಾವ ಹೊರಗೆ ಹೋಗಿ ಮಾತಾಡುತ್ತಿದ್ದಾರೆ. ಗಾಜು ಮುಚ್ಚಿದೆ, ಆದರೆ ಅವರ ಮುಖ ಈ ಕಡೆಗಿದೆ. ನಾನೇ ಓದಿದೆ, ಗುಂಡಾ, ನನ್ನ ಕಣ್ಣಾರೆ: "ಇವತ್ತೇ ಕರ್ಕೊಂಡ್ಹೋಗಿ. ಅವಳಿಗೆ ನಾನು ಹೇಳ್ಕೋತೀನಿ." ತಿರುಗಿದರೆ ಅಪ್ಪನೂ ಅಲ್ಲಿಯೇ ನೋಡುತ್ತಿದ್ದರು. ನನ್ನ ಕಡೆ ತಿರುಗಿ, ನಿಧಾನವಾಗಿ, "ಚಿಲಕ ಹಾಕು" ಎಂದರು. ಹಾಕಿದ್ದೇನೆ. ನರ್ಸಮ್ಮನಿಗೆ ಫೋನ್ ಮಾಡಿದೆ, ಹೊರಟಿದ್ದಾಳೆ, ಕಿಟಕಿಯಿಂದ ಈ ಪತ್ರ ಅವಳ ಕೈಗೆ ಕೊಡುತ್ತೇನೆ. ಬಾಗಿಲು ಬಡಿಯುತ್ತಿದ್ದಾರೆ. ಅಪ್ಪ ಎಚ್ಚರವಾಗಿದ್ದಾರೆ. ಹೊರಡು.