ಮೂರು ಆದಿವಾರದ ಔಷಧಿ

ಆಸ್ಪತ್ರೆಯಿಂದ, ಗುರುವಾರ

ಮದ್ದಿಕೇರದ ಮಲ್ಲಯ್ಯ ತಾತನವರಿಗೆ ತಿರುಮಲೇಶನ ನಮಸ್ಕಾರಗಳು.

ನಿಮ್ಮಲ್ಲಿ ಕಾಮಾಲೆಗೆ ಔಷಧಿ ಕುಡಿದ ನನ್ನ ಮಗಳಿಗೆ ಆಪರೇಷನ್ ಆಗಿ ಹತ್ತು ದಿನವಾಯಿತು. ಪಿತ್ತ ಇಳಿಯುವ ನಾಳ ಮುಚ್ಚಿಹೋಗಿತ್ತಂತೆ. ಕರುಳನ್ನೇ ತಂದು ಲಿವರಿಗೆ ಹೊಲಿದಿದ್ದಾರೆ. ಪಿತ್ತ ಇಳಿಯತೊಡಗಿದರೆ ಕಕ್ಕಕ್ಕೆ ಹಳದಿ ಬಣ್ಣ ಬರಬೇಕಂತೆ. ಈ ಆಪರೇಷನ್ ಸುಮಾರು ಎಪ್ಪತ್ತು ವರ್ಷದ ಹಿಂದೆ ಜಪಾನಿನ ಡಾಕ್ಟರೊಬ್ಬರು ಕಂಡುಹಿಡಿದದ್ದಂತೆ. ಅದಕ್ಕೂ ಮೊದಲು ಇಂಥ ಬಹಳಷ್ಟು ಕೂಸುಗಳ ಹೊಟ್ಟೆ ತೆರೆದು ನೋಡಿ, ಹಾಗೇ ಹೊಲಿದು ಮನೆಗೆ ಕಳಿಸುತ್ತಿದ್ದರಂತೆ. ಎರಡು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. ನಮ್ಮ ಕೂಸಿಗೆ ಎಪ್ಪತ್ತಾರು ದಿನವಾಗಿತ್ತು.

"ಮೂರು ಆದಿವಾರ ತಪ್ಪಿಸಬ್ಯಾಡಪ್ಪ, ಇಳೀತೈತಿ" ಅಂದಿದ್ದಿರಿ. ತಪ್ಪಿಸಲಿಲ್ಲ. ಚಿಕ್ಕಂದಿನಲ್ಲಿ ನನಗೂ ನೀವೇ ಕೊಟ್ಟದ್ದು, ಇಳಿದಿತ್ತು. ಕೂಸಿನ ಕಕ್ಕ ಬೆಳ್ಳಗಾಗುತ್ತಿದೆ ಎಂದು ಮಂಗಳಾ ಅಂದಾಗ, "ಹಾಲು ಕುಡಿಯೋ ಕೂಸಿಗೆ ಮತ್ತೇನಾಗತೈತಿ" ಎಂದು ಹೆಂಡತಿಯ ಬಾಯಿ ಮುಚ್ಚಿಸಿದವನು ನಾನು.

ಇದರೊಳಗೆ ಕೂಸಿನ ಕಕ್ಕದ ಬಣ್ಣ ಹೋಲಿಸಿ ನೋಡಲು ಆಸ್ಪತ್ರೆಯವರು ಕೊಟ್ಟ ಕಾರ್ಡು ಇಟ್ಟಿದ್ದೇನೆ. ಯಾರಾದರೂ ಹಸುಗೂಸನ್ನು ತಂದರೆ ಮೊದಲು ಅದರ ಕಕ್ಕದ ಬಟ್ಟೆ ತೋರಿಸಲು ಹೇಳಿ. ಜೋಳದ ಹಿಟ್ಟಿನ ಬಣ್ಣವಿದ್ದರೆ ಸೊಪ್ಪು ಅರೆಯಬೇಡಿ, ಅವತ್ತೇ ದೊಡ್ಡಾಸ್ಪತ್ರೆಗೆ ಕಳಿಸಿ. ನೀವು ಹೇಳಿದರೆ ಹೋಗುತ್ತಾರೆ. ನಾನೂ ಹೋಗುತ್ತಿದ್ದೆ.

ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರು. ನಿಮ್ಮ ಹೆಸರು ಹೇಳಲಿಲ್ಲ. ಮಂಗಳಾ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ದಿನಾ ಬೆಳಿಗ್ಗೆ ಕೂಸಿನ ಬಟ್ಟೆ ಬಿಚ್ಚಿ ನನ್ನ ಮುಂದೆ ಹಿಡಿಯುತ್ತಾಳೆ.

ಇವತ್ತಿನದೂ ಬೆಳ್ಳಗೇ ಇತ್ತು.

ನಿಮ್ಮ ಔಷಧಿಯಿಂದ ಒಮ್ಮೆ ಬದುಕಿದ,
ತಿರುಮಲೇಶ