ಚಿಪ್‌ಗಿಂತ ಮೊದಲೇ ಹಾಕಿದ ಲಸಿಕೆ

ಮಾರ್ಚ್ ೧೪, ಶುಕ್ರವಾರ

ಆ ಟೀಚರಮ್ಮನ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಹೊರದೇಶಕ್ಕೆ ಹೋಗುವ ನಾಯಿಗೆ ಮೊದಲು ಚರ್ಮದಡಿ ಗುರುತಿನ ಚಿಪ್ ಹಾಕಿ, ಆಮೇಲೆ ರೇಬಿಸ್ ಲಸಿಕೆ ಕೊಡಬೇಕು. ಅವರ ನಾಯಿಗೆ ನಾನು ಹಿಂದುಮುಂದು ಮಾಡಿದ್ದೆ. ಇಂದು ಪ್ರಮಾಣಪತ್ರ ಬರೆಯಲು ಕೂತಾಗಲೇ ಗೊತ್ತಾದದ್ದು. ಮತ್ತೆ ಲಸಿಕೆ ಹಾಕಿ ಇಪ್ಪತ್ತೊಂದು ದಿನ ಕಾಯಬೇಕು. ನಾಯಿಯ ಜೊತೆ ಅವರು ಹೊರಡಬೇಕಿದ್ದ ವಿಮಾನ ನಾಳೆ.

“ಡಾಕ್ಟ್ರೇ, ಒಂದು ತಾರೀಖು ತಾನೇ? ತಿದ್ದಿಬಿಡಿ, ಯಾರು ನೋಡ್ತಾರೆ?”

ಪೆನ್ನು ಕೈಗೆತ್ತಿಕೊಂಡದ್ದು ನಿಜ. ಆ ದೇಶದಲ್ಲಿ ಇಳಿದಾಗ ಸಿಕ್ಕಿಬಿದ್ದರೆ ನಾಯಿಯನ್ನೇ ಕೂಡಿಹಾಕುತ್ತಾರೆ ಎಂದು ನೆನೆದು ಕೆಳಗಿಟ್ಟೆ.

“ತಪ್ಪು ನನ್ನದಮ್ಮ. ಇದನ್ನ ನನ್ನ ಹತ್ರ ಬಿಟ್ಟುಹೋಗಿ, ದಿನ ತುಂಬಿದ ಮೇಲೆ ನಾನೇ ಕಳಿಸ್ತೀನಿ.”

ಬೈದಿದ್ದರೆ ವಾಸಿಯಿತ್ತು. ನಾಯಿಯ ಕಿವಿಯಲ್ಲಿ ಏನೋ ಹೇಳಿ, ತಿರುಗಿ ನೋಡದೆ ಹೋದರು.

ಈಗ ಅದು ನಮ್ಮ ಬಾಗಿಲಿಗೆ ಮೂತಿಯಿಟ್ಟು ಮಲಗಿದೆ. ಮೆಟ್ಟಿಲ ಮೇಲೆ ಯಾರದೇ ಸಪ್ಪಳವಾದರೂ ಬಾಲ ಬಡಿಯುತ್ತದೆ, ಆಮೇಲೆ ನನ್ನ ಕಡೆ ನೋಡುತ್ತದೆ. ಅದಕ್ಕೆ ನಾನು ಏನಂತ ಹೇಳಲಿ, ನನ್ನ ಕೈಯಿಂದಲೇ ಹೀಗಾಯಿತು ಅಂತಲೇ?